ಮಾವನವರ ಕಣ್ಣೂ ಜಯನಗರದ ಕಂದಕವೂ

ಒಂದು ಸಮಾಜ ಎಷ್ಟು ಮುಂದುವರಿದಿದೆ ಎಂಬುದನ್ನು ಅದರ ರಸ್ತೆಗಳನ್ನು ನೋಡಿ ತಿಳಿಯಬೇಕು. ರಸ್ತೆ ಇದ್ದಲ್ಲಿ ನಾಗರಿಕತೆ ಇರುತ್ತದೆ, ನಾಗರಿಕತೆ ಇದ್ದಲ್ಲಿ ಮನುಷ್ಯ ಮನುಷ್ಯನಿಗೆ ದಾರಿ ಬಿಡುತ್ತಾನೆ. ಈ ಮಾತನ್ನು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಕಾರು ಕೊಂಡೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಸೈಟುಗಳಿಗಿಂತ ಜಲ್ಲಿಯ ರಾಶಿಗಳು ಹೆಚ್ಚು. ನಾಲ್ಕನೇ ಬ್ಲಾಕಿನಿಂದ ಇನ್ನೂ ಆಚೆ, ಸಂಜೆಯಾದರೆ ಬನಶಂಕರಿ ಕಡೆಯ ಹೊಲಗಳಿಂದ ಗಾಳಿ ನೇರವಾಗಿ ಪಡಸಾಲೆಗೆ ಬರುವಂಥ ಜಾಗದಲ್ಲಿ ನಾವು ಮನೆ ಕಟ್ಟಿಕೊಂಡಿದ್ದೆವು. ಬಸ್ಸು ನಮ್ಮ ತನಕ ಬರುತ್ತಿರಲಿಲ್ಲ. ಬರುತ್ತದೆ ಎಂದು ಸೈಟು ಮಾರಿದವನು ಹೇಳಿದ್ದ. ಆದ್ದರಿಂದ ಒಂದು ಕಾರು ಬೇಕಾಯಿತು. ಸಿಕ್ಕಿದ್ದು ಹಿಂದೊಮ್ಮೆ ಯಾವನೋ ದೊರೆ ಓಡಿಸಿ, ಆಮೇಲೆ ಯಾರು ಯಾರದೋ ಕೈ ದಾಟಿ ಬಂದ ವಿಲಾಯಿತಿ ಗಾಡಿ. ತಿರುವು ತೋರಿಸಲು ಅದರ ಬಾಗಿಲ ಕಂಬದಿಂದ ಒಂದು ಪುಟ್ಟ ಕೈ ಹೊರಬರಬೇಕು. ಎಡಗಡೆಯದು ಬರುತ್ತಿತ್ತು. ಬಲಗಡೆಯದು ತನಗೆ ಸರಿ ಕಂಡರೆ ಬರುತ್ತಿತ್ತು. ಮಿಕ್ಕಂತೆ ಅದು ಸಾಧುವಾದ ಗಾಡಿ. ರಿವರ್ಸ್ ಗೇರು ಒಂದೇ ಜಗಳಗಂಟಿ. ಅದನ್ನು ಹಾಕಿದ ಕೂಡಲೇ ಗಾಡಿ ಒಮ್ಮೆ ಕುದುರೆಯ ಹಾಗೆ ಕೆನೆದು, ಕುಳಿತವರನ್ನೆಲ್ಲ ಎತ್ತಿಹಾಕಿ, ಅದಾದ ಮೇಲೆ ಹಿಂದೆ ಸರಿಯುತ್ತಿತ್ತು. ಎಷ್ಟು ಮೆಕ್ಯಾನಿಕ್ಕುಗಳು ನೋಡಿದರೂ ವಾಸಿಯಾಗಲಿಲ್ಲ. ಹೀಗಾಗಿ ಹಿಂದೆ ಸರಿಯುವ ಸಂದರ್ಭಗಳನ್ನು ನಾನು ಜೀವನದಲ್ಲಿ ಆದಷ್ಟು ದೂರವಿಟ್ಟಿದ್ದೆ.

ನಮ್ಮ ಮನೆಗೆ ಬರುವ ರಸ್ತೆಯನ್ನು ಆ ವರ್ಷ ಅಡ್ಡಡ್ಡ ಅಗೆದಿದ್ದರು. ಯಾವ ಕಚೇರಿಯವರು ಅಗೆಸಿದ್ದು ಎಂದು ನಾನು ಹೇಳುವುದಿಲ್ಲ, ಏಕೆಂದರೆ ಆ ಕಚೇರಿಗೂ ಅದು ಖಚಿತವಾಗಿ ತಿಳಿದಿರಲಿಲ್ಲ. ಆಳೆತ್ತರದ ಕಂದಕ, ಎರಡೂ ದಂಡೆಯ ಮೇಲೆ ಕೆಮ್ಮಣ್ಣಿನ ಗುಡ್ಡೆ, ದಾಟಲು ಜೋಡಿಸಿಟ್ಟ ಚಪ್ಪಡಿ ಕಲ್ಲುಗಳು, ಅದೂ ಒಂದು ಗಾಡಿಗೆ ಸಾಕಾಗುವಷ್ಟು ಅಗಲ. ಪಕ್ಕದಲ್ಲಿ ದೊಡ್ಡ ದೊಡ್ಡ ಕೊಳವೆಗಳು ಬಿದ್ದಿದ್ದವು. ಅಗೆದವರು ಮಾತ್ರ ಒಂದು ದಿನ ಸಂಜೆ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದವರು ಮತ್ತೆ ಕಾಣಿಸಿಕೊಂಡಿರಲಿಲ್ಲ. ಗುಡ್ಡೆಯ ಮೇಲೆ ಹುಲ್ಲು ಬಂದಿತ್ತು. ಹೊಸಕೆರೆಹಳ್ಳಿ ಕಡೆಯ ಎಮ್ಮೆಗಳಿಗೆ ಸುದ್ದಿ ಮುಟ್ಟಿ, ಅವು ಅಷ್ಟು ದೂರದಿಂದ ಮೇಯಲು ಬರುತ್ತಿದ್ದವು.

ಕೆಲಸದ ಗುರುತೆಂದರೆ ಒಬ್ಬ ಕಾವಲುಗಾರ. ಕೊಳವೆಯೊಂದರೊಳಗೆ ಗೋಣಿ ಹಾಸಿ ಮಲಗಿರುತ್ತಿದ್ದ.

"ಯಾಕಪ್ಪ, ಪೈಪು ಇಲ್ಲೇ ಇದೆ, ಹಳ್ಳ ಇಲ್ಲೇ ಇದೆ. ಹಾಕಿ ಮುಚ್ಚೋದಕ್ಕೆ ಏನು ಅಡ್ಡಿ?" ಎಂದು ಒಮ್ಮೆ ಕೇಳಿದೆ.

"ಈ ಪೈಪು ಈ ರಸ್ತೇದಲ್ಲ ಸಾರ್. ಈ ರಸ್ತೆ ಪೈಪು ಆ ಕಡೆ ರಸ್ತೇಲಿ ಐತೆ."

"ಹಾಗಾದ್ರೆ ಅದನ್ನ ಇಲ್ಲಿಗೆ ತರಬಹುದಲ್ಲ?"

"ಆ ಕಡೆ ರಸ್ತೆ ಅಗ್ದವ್ರಲ್ಲ ಸಾರ್, ಲಾರಿ ಹೋಗಾಕಿಲ್ಲ," ಎಂದು ಆತ ನನ್ನ ದಡ್ಡತನಕ್ಕೆ ಬೇಸರಪಟ್ಟುಕೊಂಡು ಕೊಳವೆಯೊಳಕ್ಕೆ ಹೋದ.

ಕಚೇರಿಗೇ ಹೋಗಿ ವಿಚಾರಿಸಿದೆ. ಓವರ್‌ಸಿಯರು ಸಜ್ಜನರು, ಕಾಫಿ ತರಿಸಿಕೊಟ್ಟರು. ಕೆಲಸ ಯಾಕೆ ನಿಂತಿದೆ ಎಂದರೆ ಅವರಿಗೆ ಆಶ್ಚರ್ಯ. "ಕೆಲಸ ನಿಂತಿಲ್ಲ ಸ್ವಾಮಿ. ಕೆಲಸ ಇನ್ನೂ ಶುರುವೇ ಆಗಿಲ್ಲ. ಗುದ್ದಲಿ ಪೂಜೆ ಆಗಬೇಕಲ್ಲ?" ಎಂದರು.

"ಮತ್ತೆ ಆ ಹಳ್ಳ?"

"ಅದು ಪೂಜೆಗೆ ಅನುಕೂಲ ಆಗಲಿ ಅಂತ. ದೊಡ್ಡವರು ಬಂದು ಗುದ್ದಲಿ ಹಾಕಿದಾಗ ನೆಲ ಗಟ್ಟಿ ಇದ್ದು ಕೈ ನೋಯಬಾರದು ನೋಡಿ. ಸ್ವಲ್ಪ ಸಡಿಲ ಮಾಡಿಡ್ರಪ್ಪ ಅಂದೆ. ನಮ್ಮ ಆಳುಗಳು ಉತ್ಸಾಹದಲ್ಲಿ ಒಂಚೂರು ಮುಂದಕ್ಕೆ ಹೋಗಿಬಿಟ್ರು."

ಪೂಜೆಗೆ ಬರಬೇಕಾದ ದೊಡ್ಡವರು ದಿನ ಕೊಟ್ಟು ಕೊಟ್ಟು ಮುಂದಕ್ಕೆ ಹಾಕುತ್ತಿದ್ದರಂತೆ. ಈಚೆಗೆ ಒಂದು ದಿನ ಗೊತ್ತಾಗಿತ್ತು, ಅಷ್ಟರಲ್ಲಿ ಆಷಾಢ ಬಂತು. ನಾನು ಕಾಫಿ ಕುಡಿದು ಎದ್ದೆ. ಶಾಸ್ತ್ರದ ಪ್ರಕಾರ ಇನ್ನೂ ಹುಟ್ಟಿಯೇ ಇಲ್ಲದ ಕಂದಕದ ಮೇಲೆ ದೂರು ಕೊಡುವುದು ಹೇಗೆ?

ಇದನ್ನು ನಗುತ್ತ ಸಹಿಸಿಕೊಂಡು ಹೋಗಬಹುದಾಗಿತ್ತು, ಆ ತಿಂಗಳಲ್ಲಿ ನಮ್ಮ ಮಾವನವರ ಕಣ್ಣಿನ ಆಪರೇಷನ್ ಆಗದೆ ಇದ್ದಿದ್ದರೆ.

ನನ್ನ ಹೆಂಡತಿಯ ತಂದೆ ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಹಳಿಯ ಮೇಲೆ ಓಡಾಡಿದ ಮನುಷ್ಯ. ಎದುರಿಗೆ ಬಂದವರಿಗೆ ದಾರಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಅವರಿಗೆ ಹುಟ್ಟಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಅವರಿಗೆ ಬರುತ್ತಿದ್ದ ಕೋಪ ಭಯಂಕರ. ತಲೆಯನ್ನು ಅತ್ತಿತ್ತ ಕೊಡವಿ ಕೊಡವಿ ಬೈಯುತ್ತಿದ್ದರು. ನಿವೃತ್ತಿಯಾದ ಮೇಲೆ ಎಡಗಣ್ಣು ಏನೋ ಕಾಯಿಲೆಯಿಂದ ಹೋಯಿತು. ಉಳಿದ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆಂದು ಅರಸೀಕೆರೆಯಿಂದ ಗಂಡಹೆಂಡಿರು ನಮ್ಮ ಮನೆಗೆ ಬಂದರು. ಪೇಟೆಯ ಕಡೆಯ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆದರು. ತಲೆಯ ಎರಡೂ ಪಕ್ಕ ಮರಳುಚೀಲ ಇಟ್ಟು, ಎರಡೂ ಕಣ್ಣಿಗೆ ಕಟ್ಟು ಕಟ್ಟಿ ಅಂಗಾತ ಮಲಗಿಸಿದರು. ಆಗ ಹಾಗೆ ಪದ್ಧತಿ.

ಮುಂದಿನ ಶುಕ್ರವಾರ ಮನೆಗೆ ಕರೆದುಕೊಂಡು ಹೋಗಬಹುದು, ಮಂಚ ಬೇರೆಯವರಿಗೆ ಬೇಕು ಎಂದು ಡಾಕ್ಟರು ಹೇಳಿದರು. "ಆದರೆ ಗಾಯ ಇನ್ನೂ ಹಸಿ. ತಲೆ ಕುಲುಕಬಾರದು. ಬಗ್ಗಬಾರದು, ಕೆಮ್ಮಬಾರದು, ಸೀನಬಾರದು. ಕೋಪವಂತೂ ಕೂಡದು. ಒಂದು ಸಲ ಜೋರಾಗಿ ಕುಲುಕಿದರೂ ಹೊಲಿಗೆ ಬಿಡುತ್ತೆ. ಬಿಟ್ಟರೆ ಕಣ್ಣು ನಮ್ಮ ಕೈಲಿರೋಲ್ಲ."

ನಮ್ಮ ಅತ್ತೆಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅವರ ಅಕ್ಕನ ಗಂಡ ಇದೇ ಆಪರೇಷನ್ ಮಾಡಿಸಿಕೊಂಡು ಜಟಕಾದಲ್ಲಿ ಮನೆಗೆ ಹೊರಟು, ದಾರಿಯಲ್ಲಿ ಚಕ್ರ ಒಂದು ಗುಂಡಿಗಿಳಿದು ಕಣ್ಣು ಕಳೆದುಕೊಂಡಿದ್ದರು. "ಅಷ್ಟೇ, ಒಂದೇ ಒಂದು ಸಲ ಧಡಕ್ಕಂತು. ಅಯ್ಯೋ ಅಂದ್ರು ಭಾವ. ಆಮೇಲೆ ಅಕ್ಕನ ಮುಖ ಅವರು ನೋಡಲಿಲ್ಲ," ಎಂದರು ಅತ್ತೆ. ನಮ್ಮ ಬಡಾವಣೆಯ ಎಲ್ಲ ಗುಂಡಿಗಳೂ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಟ್ಯಾಕ್ಸಿ ಮಾಡಬಹುದಾಗಿತ್ತು, ಆದರೆ ಆಗಿನ ಟ್ಯಾಕ್ಸಿಯವರು ಗುಂಡಿ ಬಂದರೆ ವೇಗ ಹೆಚ್ಚಿಸಿದರೆ ಗೊತ್ತಾಗುವುದಿಲ್ಲ ಎಂಬ ಸಿದ್ಧಾಂತದವರು. ಆಟೋ ಎಂದರೆ ಮಾವನವರೇ ಮಲಗಿದಲ್ಲಿಂದ ತಕರಾರು ತೆಗೆದರು: "ಮೂರು ಚಕ್ರದ್ದು ಗಾಡಿಯಲ್ಲ, ಸ್ಟೂಲು." ಕಂದಕದ ತನಕ ತಂದು ಅಲ್ಲಿಂದ ನಡೆಸಿಕೊಂಡು ಹೋಗೋಣವೆಂದರೆ, ಕಣ್ಣು ಕಟ್ಟಿದ ಮನುಷ್ಯನನ್ನು ಚಪ್ಪಡಿಯ ಮೇಲೆ ನಡೆಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ನನ್ನ ಕಾರೇ ಗತಿ ಎಂದಾಯಿತು.

ಅತ್ತೆ ಒಂದು ಷರತ್ತು ಹಾಕಿದರು. "ನೋಡಿ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ರಸ್ತೆ ಮೇಲಿಲ್ಲ. ಮೊದಲು ಮೊಸರು ಬರಲಿ, ಆಮೇಲೆ ಅವರು ಬರಲಿ."

ಇದರ ಅರ್ಥ ಮಾರನೆಯ ಬೆಳಗ್ಗೆ ಆಯಿತು. ರಾತ್ರಿ ಕಲ್ಲುಮರಿಗೆಯಲ್ಲಿ ಹೆಪ್ಪು ಹಾಕಿದ ಮೊಸರು ಗಟ್ಟಿಯಾಗಿ, ಮೇಲೆ ಕೆನೆ ಕಟ್ಟಿ ಕೂತಿತ್ತು. ಅತ್ತೆ ಅದನ್ನು ಕಾರಿನ ಹಿಂದಿನ ಸೀಟಿಗೆ ತಂದು, ಮಾವನವರ ತಲೆ ಎಲ್ಲಿ ಬರಬೇಕೋ ಅಲ್ಲಿ ದಿಂಬು ಇಟ್ಟು, ದಿಂಬಿನ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಮರಿಗೆಯನ್ನು ಕೂರಿಸಿದರು. ಹೀಗೆ ಆಸ್ಪತ್ರೆಗೆ ಹೋಗಿ ಬರಬೇಕು. ಬಂದ ಮೇಲೆ ಮೊಸರು ಒಡೆಯದೆ, ನೀರು ಬಿಡದೆ ಹಾಗೇ ಇದ್ದರೆ ದಾರಿ ಪಾಸು. ಒಡೆದರೆ ಬೇರೆ ದಾರಿ ಹುಡುಕಬೇಕು.

"ಅಮ್ಮ, ನೀನು ಕೈಯಲ್ಲಿ ಹಿಡ್ಕೋಬಾರದಾ?" ಎಂದಳು ನನ್ನ ಹೆಂಡತಿ.

"ಕೈಯಲ್ಲಿ ಹಿಡ್ಕೊಂಡ್ರೆ ಕೈ ಸುಧಾರಿಸಿಕೊಳ್ಳುತ್ತೆ. ಪರೀಕ್ಷೆ ಕೈಗಲ್ಲ ಕಣೇ, ದಾರಿಗೆ."

ಕಚೇರಿಗೆ ರಜೆ ಹಾಕಿದೆ. ಕಾರಣವೇನೆಂದು ಬರೆಯುವುದು ತಿಳಿಯದೆ ಸ್ವಂತ ಕೆಲಸ ಎಂದು ಬರೆದೆ.

ಮೊದಲ ದಿನ ಎಲ್ಲರೂ ಹೋಗುವ ದಾರಿಯಲ್ಲೇ ಹೋದೆವು. ಸೌತ್ ಎಂಡ್ ಹತ್ತಿರ ಒಬ್ಬ ಸ್ಕೂಟರಿನವನು ಎಡಗಡೆಯಿಂದ ನುಗ್ಗಿ ಮುಂದೆ ಬಂದ. ಬ್ರೇಕು ಹಾಕಿದೆ. "ಹೋಯ್ತು," ಎಂದರು ಅತ್ತೆ ಹಿಂದಿನಿಂದ. ತಿರುಗಿ ನೋಡಿದರೆ ಮೊಸರಿನ ನಡುವೆ ನದಿಯೊಂದು ಹರಿಯುತ್ತಿತ್ತು. ಸ್ಕೂಟರಿನವನು ಹಿಂದಿರುಗಿ, "ಮನೇಲ್ ಹೇಳಿ ಬಂದಿದೀಯಾ?" ಎಂದು ಕೇಳಿ ಹೋದ. ಮನೆಯವರು ಜೊತೆಯಲ್ಲೇ ಇದ್ದರು, ಅವನಿಗೆ ಕಾಣಲಿಲ್ಲ.

ಎರಡನೆಯ ದಿನ ಲಾಲ್‌ಬಾಗನ್ನು ಬಳಸಿಕೊಂಡು ವಿಲ್ಸನ್ ಗಾರ್ಡನ್ನಿನ ಕಡೆಯಿಂದ ಬಂದೆವು. ಅಲ್ಲಿ ರಸ್ತೆಯೇನೋ ಚೆನ್ನಾಗಿತ್ತು, ರಸ್ತೆಯ ಮೇಲಿದ್ದವರು ಚೆನ್ನಾಗಿರಲಿಲ್ಲ. ನಾನು ನಡಿಗೆಯ ವೇಗದಲ್ಲಿ ಹೋಗುತ್ತಿದ್ದೆ. ನಡಿಗೆಯ ವೇಗದಲ್ಲಿ ಹೋಗುವ ಕಾರನ್ನು ಕಂಡರೆ ನಮ್ಮ ಜನಕ್ಕೆ ಯಾಕೋ ಸ್ವಂತ ಅವಮಾನವಾದಂತೆ ಆಗುತ್ತದೆ. ಹಿಂದೆ ಬಂದವರೆಲ್ಲ ಹಾರನ್ನಿನ ಮೇಲೆ ಕೈಯಿಟ್ಟು ತೆಗೆಯಲಿಲ್ಲ. ಬಸ್ಸಿನ ಡ್ರೈವರೊಬ್ಬ ಪಕ್ಕಕ್ಕೆ ಬಂದು, "ಏನ್ ಸಾರ್, ದೇವರ ಉತ್ಸವನಾ?" ಎಂದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬಾತ ನಮ್ಮನ್ನು ದಾಟಿ, ಮತ್ತೆ ನಿಂತು, ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಮರಿಗೆಯನ್ನೂ ಅದರ ಪಕ್ಕ ಕೈಮುಗಿದು ಕೂತಿದ್ದ ಅತ್ತೆಯನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ತಾನೂ ಕೈಮುಗಿದ. ಸಿದ್ಧಾಪುರದ ಹತ್ತಿರ ಕಲ್ಲು ತುಂಬಿದ ಲಾರಿಯೊಂದು ನಮ್ಮನ್ನು ದಂಡೆಗೆ ತಳ್ಳಿತು. ಆ ದಿನವೂ ಮನೆಯಲ್ಲಿ ಮಜ್ಜಿಗೆಹುಳಿ.

ನನಗೆ ಹಟ ಬಂದಿತ್ತು. ಮೂರನೆಯ ಸಲ ಬಸವನಗುಡಿಯ ಒಳರಸ್ತೆಗಳನ್ನು ಹಿಡಿದು, ತ್ಯಾಗರಾಜನಗರದ ಮನೆಗಳ ನಡುವೆ ಹಾದು, ಹಾರನ್ನು ಮುಟ್ಟದೆ, ಎದುರಿಗೆ ಯಾರು ಬಂದರೂ ನಾನೇ ಮೊದಲು ನಿಂತು ದಾರಿ ಬಿಟ್ಟು, ಬೈದವರಿಗೆಲ್ಲ ನಮಸ್ಕಾರ ಮಾಡುತ್ತ ಬಂದೆ. ಉಳಿದದ್ದು ಕಂದಕ. ಅದನ್ನು ಬಳಸಿ ಬರುವ ದಾರಿಯೇ ಇರಲಿಲ್ಲ, ಮನೆ ಅದರ ಆಚೆಗಿತ್ತು. ಕಾವಲುಗಾರನನ್ನು ಎಬ್ಬಿಸಿ, ಅವನೂ ನಾನೂ ಸೇರಿ ಚಪ್ಪಡಿಗಳ ಸಂದಿಗೆಲ್ಲ ಕೆಮ್ಮಣ್ಣು ತುಂಬಿ ತುಳಿದೆವು. ಅದೇ ಆ ವರ್ಷ ಆ ರಸ್ತೆಯಲ್ಲಿ ನಡೆದ ಏಕೈಕ ಕಾಮಗಾರಿ. ಆಮೇಲೆ ಒಂದನೇ ಗೇರಿನಲ್ಲಿ, ಉಸಿರು ಹಿಡಿದು ದಾಟಿದೆ.

ಮನೆ ಮುಂದೆ ಅತ್ತೆ ಬಹಳ ಹೊತ್ತು ಮರಿಗೆಯೊಳಗೆ ಇಣುಕಿದರು. ಕೆನೆ ಅಲುಗಿರಲಿಲ್ಲ. "ಸರಿ. ಶುಕ್ರವಾರ ಕರ್ಕೊಂಡು ಬನ್ನಿ," ಎಂದರು. ಸರ್ಕಾರದ ಯಾವ ಇಂಜಿನಿಯರೂ ಒಂದು ರಸ್ತೆಗೆ ಅಷ್ಟು ಜವಾಬ್ದಾರಿಯಿಂದ ಅನುಮತಿ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಶುಕ್ರವಾರ ಆಸ್ಪತ್ರೆಯಲ್ಲಿ ಒಬ್ಬರ ಸಹಿ ಆದರೆ ಇನ್ನೊಬ್ಬರದಿಲ್ಲ ಎಂದು ಬೆಳಗ್ಗೆಯೆಲ್ಲ ಅಲ್ಲೇ ಕಳೆಯಿತು. ಮಾವನವರಿಗೆಂದು ಅತ್ತೆ ಮನೆಯಿಂದ ತಂದಿದ್ದ ಊಟದ ಕ್ಯಾರಿಯರು ತೆರೆಯದೆ ಹಾಗೇ ಉಳಿಯಿತು. ಕೊನೆಗೆ ಬಿಸಿಲು ನೆತ್ತಿಗೆ ಬಂದ ಮೇಲೆ ಅವರನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಒರಗಿಸಿ ಹೊರಟೆವು. ಅತ್ತೆ ಪಕ್ಕದಲ್ಲಿ ಅವರ ತಲೆಗೆ ಎರಡೂ ಕೈ ಕೊಟ್ಟು ಕೂತರು. ನನ್ನ ಹೆಂಡತಿ ಮನೆಯಲ್ಲಿ ಹಾಸಿಗೆ ಸಿದ್ಧ ಮಾಡಿಕೊಂಡು ಕಾಯುತ್ತಿದ್ದಳು.

ಬಸವನಗುಡಿ ಕಳೆಯಿತು. ತ್ಯಾಗರಾಜನಗರ ಕಳೆಯಿತು. "ಗಾಡಿ ಚೆನ್ನಾಗಿ ಓಡ್ತಿದೆ ಅಳಿಯಂದ್ರೆ. ಲೈನ್ ಕ್ಲಿಯರ್ ಇದ್ದ ಹಾಗಿದೆ," ಎಂದರು ಮಾವ. ಕಂದಕ ಕಂಡಿತು. ಎರಡು ಮಣ್ಣುಗುಡ್ಡೆಗಳ ನಡುವಿನ ಓಣಿಗೆ ಗಾಡಿಯನ್ನು ಇಳಿಸಿ, ಇನ್ನೇನು ಮುಂದಿನ ಚಕ್ರ ಚಪ್ಪಡಿಯನ್ನು ಮುಟ್ಟಬೇಕು, ಆಚೆ ಕಡೆಯಿಂದ ಒಂದು ಕಾರು ಬಂದು ಚಪ್ಪಡಿಯ ಮೇಲೆಯೇ ಹತ್ತಿ ನನ್ನ ಮೂತಿಗೆ ಮೂತಿ ಕೊಟ್ಟು ನಿಂತಿತು. ಹೊಸ ಗಾಡಿ, ಮದುವೆ ಚಪ್ಪರದಷ್ಟು ಉದ್ದ. ಅದರ ಹಿಂದೆ ಇಟ್ಟಿಗೆ ತುಂಬಿದ ಒಂದು ಲಾರಿ.

ಆತ ಹಾರನ್ ಹೊಡೆದ. ನಾನು ನಮಸ್ಕಾರ ಮಾಡಿದೆ. ಆತ ಇನ್ನೂ ಜೋರಾಗಿ ಹೊಡೆದ.

"ಯಾಕೆ ನಿಂತಿದೆ?" ಎಂದರು ಮಾವ.

ನಿಜ ಹೇಳಿದರೆ ತಲೆ ಕೊಡವುತ್ತಾರೆ. ಕೊಡವಿದರೆ ಕಣ್ಣು ಹೋಯಿತು. "ಸಿಗ್ನಲ್ ಆಗಿಲ್ಲ ಮಾವ," ಎಂದೆ.

ಮಾವನವರ ಮುಖ ಶಾಂತವಾಯಿತು. "ಹಾಗಾದ್ರೆ ಹೊರಡಬೇಡಿ. ಡ್ರೈವರು ಎಷ್ಟೇ ಒದ್ದಾಡಲಿ, ಸಿಗ್ನಲ್ ಆಗದೆ ಬಾವುಟ ತೋರಿಸಬಾರದು."

ಎದುರು ಗಾಡಿಯ ಯಜಮಾನರು ಇಳಿದು ಬಂದರು. ಟೈ ಕಟ್ಟಿದ್ದರು. "ಏನ್ರೀ, ಕಣ್ಣು ಕಾಣಲ್ವೇನ್ರೀ?" ಎಂದು ಕೂಗಿದರು.

"ಯಾರು ಅದು? ನನ್ನ ಕಣ್ಣಿನ ವಿಚಾರ ಕೇಳ್ತಿರೋದು?" ಎಂದರು ಮಾವ ಒಳಗಿನಿಂದ.

"ಹೌದು ಮಾವ. ಹೇಗಿದೀರ ಅಂತ ವಿಚಾರಿಸ್ತಿದಾರೆ." ನಾನು ಮೆಲ್ಲಗೆ ಬಾಗಿಲು ತೆರೆದು ಇಳಿದು, ದೇವರ ಕೋಣೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ: "ಸಾರ್, ದಯವಿಟ್ಟು ಮೆತ್ತಗೆ. ಒಳಗೆ ಕಣ್ಣು ಆಪರೇಷನ್ ಆದವರಿದಾರೆ. ಅಲುಗಾಡಿಸೋ ಹಾಗಿಲ್ಲ. ನನ್ನ ಗಾಡಿ ರಿವರ್ಸ್ ಹಾಕಿದ್ರೆ ಎಗರುತ್ತೆ. ನಿಮ್ಮ ಹಿಂದೆ ರಸ್ತೆ ಅಗಲ ಇದೆ, ನೀವು ಸ್ವಲ್ಪ ಹಿಂದಕ್ಕೆ ತಗೊಂಡ್ರೆ..."

"ಹಿಂದೆ ಲಾರಿ ಇದೆ, ಕಾಣ್ತಿಲ್ವಾ?"

"ಲಾರಿಯವರೂ ತಗೋತಾರೆ ಸಾರ್. ನಾನು ಮೊದಲು ಬಂದದ್ದು."

"ನೀವು ಮೊದಲು ಬಂದ್ರೆ ರಸ್ತೆ ನಿಮ್ಮಪ್ಪಂದಾ? ಎಗರುತ್ತೆ ಅಂತೆ! ಎಗರೋ ಗಾಡೀನ ಯಾಕ್ರೀ ರಸ್ತೆಗೆ ತರ್ತೀರಿ? ಮ್ಯೂಸಿಯಮ್ಮಿಗೆ ಕೊಡಿ. ನಾನು ಅರ್ಜೆಂಟಾಗಿ ಕ್ಲಬ್ಬಿಗೆ ಹೋಗಬೇಕು." ಹೀಗೆ ಹೇಳಿ ತಮ್ಮ ಗಾಡಿಗೆ ಹೋಗಿ ಕೂತು ಹಾರನ್ನಿಗೆ ಮೊಣಕೈ ಊರಿದರು. ಲಾರಿಯವನೂ ತನ್ನ ಪಾಲಿನ ಹಾರನ್ ಸೇರಿಸಿದ.

ನಾನೂ ಬಂದು ಕೂತೆ. ಇಂಜಿನ್ನು ಆರಿಸಿದೆ. ಅವರು ಸಂಜೆಯ ತನಕ ಹಾರನ್ ಹೊಡೆಯಲಿ, ನಾನು ಆ ಗೇರನ್ನು ಮುಟ್ಟುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು. ನಿರ್ಧಾರ ಸುಲಭ; ಕಷ್ಟ ಇದ್ದದ್ದು ಹಿಂದಿನ ಸೀಟಿನಲ್ಲಿ. ಬಿಸಿಲು ಏರುತ್ತಿತ್ತು. ಮಾವನವರ ಹುಬ್ಬು ಕಟ್ಟಿನ ಮೇಲುಗಡೆ ಗಂಟಾಗತೊಡಗಿತ್ತು.

"ಅದೇನು ಇಷ್ಟು ವಿಷಲ್ ಹೊಡೀತಾನೆ?"

"ಶಂಟಿಂಗ್ ಇರಬೇಕು ಮಾವ."

"ಶಂಟಿಂಗಿಗೆ ಯಾರಾದ್ರೂ ಇಷ್ಟು ಹೊಡೀತಾರಾ? ಯಾವನವನು ಡ್ರೈವರು? ಕರೀರಿ ಇಲ್ಲಿ, ನಾನು ವಿಚಾರಿಸ್ತೀನಿ!" ಕತ್ತಿನ ನರ ಬಿಗಿಯಿತು. ಅತ್ತೆಯ ಕೈಗಳು ಅವರ ತಲೆಯನ್ನು ಇನ್ನಷ್ಟು ಒತ್ತಿ ಹಿಡಿದವು. ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದೆ. ಅವರು ಎದುರಿನ ಗಾಡಿಯನ್ನೇ ದಿಟ್ಟಿಸುತ್ತಿದ್ದರು.

"ಅವನ ವಿಚಾರ ಇರಲಿ. ಊಟದ ಹೊತ್ತು ಮೀರಿದೆ, ಊಟ ಮಾಡಿ," ಎಂದರು.

"ಇಲ್ಲೇನಾ? ಗಾಡೀಲಿ?"

"ರೈಲಲ್ಲಿ ಮಾಡ್ತಿರಲಿಲ್ವಾ?"

ಮಾವನವರು ಒಪ್ಪಿ ಕೈ ಮುಂದೆ ಚಾಚಿದರು. ಆಶ್ಚರ್ಯವಾದದ್ದು ನನಗೆ. ನಮ್ಮ ಅತ್ತೆಯ ಮಡಿಯಲ್ಲಿ ಕಾರಿನ ಸ್ಥಾನ ಹಿತ್ತಲಿಗಿಂತ ಕೆಳಗೆ; ಅದರಲ್ಲಿ ಕೂತು ಬಂದರೆ ಕಾಲು ತೊಳೆಯದೆ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಅಂಥವರು ಈಗ ಕ್ಯಾರಿಯರು ಬಿಚ್ಚಿ, ಮಡಿಸಿಟ್ಟಿದ್ದ ಕುಡಿ ಬಾಳೆಎಲೆಯನ್ನು ಗಂಡನ ತೊಡೆಯ ಮೇಲಿನ ದಿಂಬಿನ ಮೇಲೆ ಹರಡಿ, ಅನ್ನ ಬಡಿಸಿ, ತುಪ್ಪ ಹಾಕಿ, ಅವರ ಅಂಗೈಗೆ ನೀರು ಹುಯ್ದರು. ಮಾವನವರು ಕಟ್ಟಿದ ಕಣ್ಣಿನಲ್ಲೇ ಮಂತ್ರ ಹೇಳಿ, ಎಲೆಯ ಸುತ್ತ ನೀರು ಸುತ್ತಿಸಿ ಪರಿಷೇಚನೆ ಮಾಡಿದರು. ಅದಾದ ಮೇಲೆ ಊಟ ಮುಗಿಯುವ ತನಕ ಎಲೆ ಬಿಟ್ಟು ಏಳುವಂತಿಲ್ಲ, ಯಾರೂ ಏಳಿಸುವಂತಿಲ್ಲ. ಇದು ಜಯನಗರದಲ್ಲಿ ಹುಲ್ಲು ಮೇಯುತ್ತಿದ್ದ ಎಮ್ಮೆಗೂ ಗೊತ್ತಿದ್ದ ವಿಷಯ.

ಅತ್ತೆ ಸೆರಗು ಸರಿಮಾಡಿಕೊಂಡು, ಕಿಟಕಿಯಿಂದ ಮುಖ ಹೊರಗೆ ಹಾಕಿ ಕರೆದರು. "ನೋಡಪ್ಪ! ಟೈ ಕಟ್ಟಿರೋನೆ! ಬಾ ಇಲ್ಲಿ."

ಅವರು ಹಾರನ್ ಬಿಟ್ಟು ಇಳಿದು ಬಂದರು.

"ಅವರು ಊಟಕ್ಕೆ ಕೂತಿದಾರೆ. ಎಲೆ ಮೇಲೆ ಅನ್ನ ಇದೆ. ಅರ್ಧ ಊಟದಲ್ಲಿ ಏಳಿಸಬೇಕು ಅಂತಿದ್ರೆ ನಿನ್ನ ಕೈಯಾರ ಎಬ್ಬಿಸು. ನಾನು ನೋಡ್ತೀನಿ."

ಟೈ ಕಟ್ಟಿದವರು ಕಿಟಕಿಯೊಳಗೆ ನೋಡಿದರು. ಎಲೆ, ಅನ್ನ, ಕಟ್ಟಿದ ಕಣ್ಣುಗಳು, ತುತ್ತಿಗಾಗಿ ತೆರೆದ ಬಾಯಿ. ಏನೋ ಹೇಳಹೋಗಿ ಟೈ ಸಡಿಲಿಸಿಕೊಂಡರು. ಅವರ ಮನೆಯಲ್ಲೂ ಯಾರೋ ಒಬ್ಬ ಅಜ್ಜಿ ಇದ್ದಿರಬೇಕು.

ಅಷ್ಟರಲ್ಲಿ ಲಾರಿಯವನು ಏನಾಯಿತೆಂದು ಬಂದ. ಇಣುಕಿ ನೋಡಿದ. ಅಲ್ಲಿಯ ತನಕ ನನ್ನ ವಂಶವನ್ನೆಲ್ಲ ಬೈಯುತ್ತಿದ್ದವನು ಆ ಕ್ಷಣದಲ್ಲಿ ಪಕ್ಷ ಬದಲಾಯಿಸಿದ. "ಏನ್ ಸಾಮಿ ನೀವು! ಉಣ್ಣೋರ್ನ ಎಬ್ಬಿಸ್ತಾರಾ ಯಾರಾದ್ರೂ? ಯಜಮಾನ್ರು ಕಣ್ಣು ಬೇರೆ ಕಟ್ಕೊಂಡವ್ರೆ. ನಾನ್ ಮೊದ್ಲು ತಗೀತೀನಿ, ನೀವೂ ತಗೀರಿ ಹಿಂದಕ್ಕೆ." ಕೊಳವೆಯಿಂದ ಹೊರಬಂದ ಕಾವಲುಗಾರ, "ಅದೇ ನಾನೂ ಯೋಳ್ದೆ," ಎಂದ. ಅವನು ಏನನ್ನೂ ಹೇಳಿರಲಿಲ್ಲ. ಲಾರಿ ಹಿಂದೆ ಸರಿಯಿತು. ಹೊಸ ಕಾರೂ ಚಪ್ಪಡಿ ಇಳಿದು ಹಿಂದೆ ಹೋಗಿ ಪಕ್ಕಕ್ಕೆ ನಿಂತಿತು.

ದಾರಿ ತೆರವಾಯಿತು. ನಾನು ಸಂತೋಷದಿಂದ ಸ್ಟಾರ್ಟರಿಗೆ ಕೈ ಹಾಕಿದೆ.

"ಏನ್ ಮಾಡ್ತಿದೀರಿ?" ಎಂದರು ಅತ್ತೆ.

"ಹೋಗೋಣ ಅಂತ. ದಾರಿ ಬಿಟ್ರಲ್ಲ."

"ಚೆನ್ನಾಯ್ತು! ಎಲೆ ಮುಂದೆ ಕೂತಿರೋರನ್ನ ಅಲ್ಲಾಡಿಸ್ತೀರಾ? ಇನ್ನೂ ಸಾರನ್ನ."

ಕಾನೂನು ಎಲ್ಲರಿಗೂ ಒಂದೇ ಎಂಬುದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ, ಅಂದು ಕಂಡೆ. ನಿಷ್ಕಂಟಕವಾದ ರಸ್ತೆಯ ಈಚೆ ನಾವು, ಆಚೆ ಅವರು. ಅಗಿಯಬಾರದೆಂದು ಡಾಕ್ಟರು ಹೇಳಿದ್ದರಿಂದ ಅತ್ತೆ ಪ್ರತಿ ತುತ್ತನ್ನೂ ನುಣ್ಣಗೆ ಕಿವುಚಿ ಬಾಯಿಗಿಡುತ್ತಿದ್ದರು. ಮಾವನವರು ಅವಸರವಿಲ್ಲದ ಮನುಷ್ಯ. ನಮ್ಮ ಹಿಂದೆ ಒಂದು ಟ್ಯಾಕ್ಸಿ ಬಂದು ಹಾರನ್ ಹೊಡೆಯಿತು. ಲಾರಿಯವನೇ ಓಡಿಹೋಗಿ ಅವನನ್ನು ಸುಮ್ಮನಾಗಿಸಿ, "ಊಟ ಆಯ್ತಾ ಐತೆ," ಎಂದು ತಿಳಿಸಿ ಬಂದ. ಅದಾದ ಮೇಲೆ ಯಾರೂ ಹಾರನ್ ಹೊಡೆಯಲಿಲ್ಲ. ಜಯನಗರದಲ್ಲಿ ಅಷ್ಟೊಂದು ಗಾಡಿಗಳು ಅಷ್ಟು ಮೌನವಾಗಿ ನಿಂತದ್ದನ್ನು ನಾನು ಆಮೇಲೆ ನೋಡಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಟೈ ಕಟ್ಟಿದವರು ಚಪ್ಪಡಿ ದಾಟಿ ನಡೆದು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ, ದೇವರ ಕೋಣೆಯ ದನಿಯಲ್ಲೇ ಕೇಳಿದರು. "ಮೊಸರನ್ನಕ್ಕೆ ಬಂದ್ರಾ?"

"ಈಗ ಕಲಸ್ತಿದಾರೆ."

"ನಿಧಾನಕ್ಕೆ ಆಗಲಿ," ಎಂದರು. ಕ್ಲಬ್ಬಿನಲ್ಲಿ ಯಾರೋ ಕಾಯುತ್ತಲೇ ಇದ್ದಿರಬೇಕು. "ಇಂಥ ರಸ್ತೇನ ಹೀಗೆ ಅಗೆದು ಬಿಟ್ಟಿದಾರಲ್ಲ, ಕೇಳೋರೇ ಇಲ್ವಾ?"

"ಇನ್ನೂ ಶುರುವಾಗಿಲ್ಲವಂತೆ," ಎಂದೆ.

ಕೊನೆಗೆ ಮಾವನವರು ಉತ್ತರಾಪೋಶನ ತೆಗೆದುಕೊಂಡು ಊಟ ಮುಗಿಸಿದರು. ಅತ್ತೆ ಅವರ ಕೈ ಬಾಯಿ ತೊಳೆಸಿ ಒರೆಸಿ, ಎಲೆ ಮಡಿಸಿ, ಮತ್ತೆ ತಲೆಗೆ ಎರಡೂ ಕೈ ಕೊಟ್ಟು ಕೂತರು. "ಸಿಗ್ನಲ್ ಆಯ್ತಾ?" ಎಂದರು ಮಾವ, ತೃಪ್ತಿಯ ದನಿಯಲ್ಲಿ.

"ಆಯ್ತು ಮಾವ."

"ರೈಟ್."

ಒಂದನೇ ಗೇರು. ಚಪ್ಪಡಿಯ ಮೇಲೆ ಮುಂದಿನ ಚಕ್ರ ಹತ್ತಿತು. ಆಮೇಲೆ ಹಿಂದಿನದು. ಎಡಗಡೆ ಲಾರಿಯವನೂ ಬಲಗಡೆ ಕಾವಲುಗಾರನೂ ಬಗ್ಗಿ ಚಕ್ರ ನೋಡುತ್ತ, "ಬರ್ಲಿ, ಬರ್ಲಿ, ಒಸಿ ಎಡಕ್ಕೆ," ಎಂದು ಪಿಸುದನಿಯಲ್ಲಿ ಕೂಗುತ್ತ ಬಂದರು. ಪಿಸುದನಿಯಲ್ಲಿ ಕೂಗಬಹುದು ಎಂಬುದನ್ನು ಅಂದೇ ಕಂಡದ್ದು. ಕೊನೆಯ ಚಪ್ಪಡಿಯಿಂದ ಇಳಿಯುವಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಗಾಡಿ ನೆಲ ಮುಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಪಕ್ಕಕ್ಕೆ ನಿಂತಿದ್ದ ಹೊಸ ಕಾರಿನ ಯಜಮಾನರಿಗೆ ನಮಸ್ಕಾರ ಮಾಡಿದೆ. ಅವರು ತಲೆಬಾಗಿ ತಮ್ಮ ಗಾಡಿ ಹತ್ತಿ, ಓಣಿ ದಾಟಿ, ತಿರುವಿನಲ್ಲಿ ಆ ಟ್ಯಾಕ್ಸಿಯ ಮೇಲೆ ಜೋರಾಗಿ ಹಾರನ್ ಹೊಡೆದದ್ದು ಕೇಳಿಸಿತು.

ಮನೆಯಲ್ಲಿ ಮೂವರೂ ಸೇರಿ ಮಾವನವರನ್ನು ಹಾಸಿಗೆಗೆ ಇಳಿಸಿದೆವು. ಅವರು ಮಲಗಿ ನಿದ್ದೆ ಹೋದರು. ಅತ್ತೆ ಸ್ನಾನಕ್ಕೆ ಹೋದರು. ನಾನು ಜಗಲಿಯ ಮೇಲೆ ಕೂತೆ.

ಕಟ್ಟು ಬಿಚ್ಚಲು ಮುಂದಿನ ವಾರ ಡಾಕ್ಟರು ಮನೆಗೇ ಬಂದರು. ಬರುವಾಗ ಕಂದಕದ ಹತ್ತಿರ ಅವರ ಕಾರಿಗೂ ಯಾರೋ ಅಡ್ಡ ಬಂದು ಬೈದರಂತೆ. ಬಾಗಿಲಲ್ಲೇ ಅದನ್ನು ಹೇಳಿಕೊಂಡು ಸಿಟ್ಟು ಮಾಡಿಕೊಂಡರು. ಸಿಟ್ಟು ಕೂಡದು ಎಂದು ನಾವು ಯಾರೂ ನೆನಪಿಸಲಿಲ್ಲ. ಕಿಟಕಿಗೆ ಪರದೆ ಎಳೆದು, ಹತ್ತಿಯನ್ನು ಒದ್ದೆ ಮಾಡಿ, ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿದರು. ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರು ಟಾರ್ಚು ಹಾಕಿ ನೋಡಿದರು. ಹೊಲಿಗೆ ಬಿಟ್ಟಿರಲಿಲ್ಲ. ಗಾಯ ಕೂಡಿಕೊಂಡಿತ್ತು. ಮೂರು ಬೆರಳು ಹಿಡಿದು ಎಷ್ಟೆಂದು ಕೇಳಿದರು. ಮಾವನವರು ಮೂರು ಎಂದರು.

ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಮಾವನವರು ಬಲಗಣ್ಣಿನಿಂದ ದಿನವೂ ಪೇಪರು ಓದುತ್ತಿದ್ದರು.